ಡೆಟಾಲ್ ಬಾಟಲಿಯ ಗೆರೆ

ಮೀನಿನ ವಾಸನೆ ನನಗೆ ಹೇಳಿಕೊಡಬೇಡಿ.
ಮಲ್ಪೆಯ ಧಕ್ಕೆಯಲ್ಲಿ ಅಮ್ಮನ ಬುಟ್ಟಿಯ ನೀರು
ನೆತ್ತಿಗೆ ತೊಟ್ಟಿಕ್ಕುತ್ತಲೇ ಬೆಳೆದವಳು ನಾನು.
ಬಂಗುಡೆ ದಡಕ್ಕೆ ಬಂದು ಎಷ್ಟು ಹೊತ್ತಾಯಿತೆಂದು
ಕಣ್ಣು ಮುಚ್ಚಿ ಹೇಳುತ್ತಿದ್ದೆ.
ಆದರೆ ಶಾರ್ಜಾದ ರೋಲಾದಲ್ಲಿ, ಆರನೇ ಮಹಡಿಯಲ್ಲಿ,
ಶಾಲೆ ಬಸ್ಸಿನ ಡ್ಯೂಟಿ ಮುಗಿಸಿ ಪ್ಯಾಂಟು ಬಿಚ್ಚಿದಾಗ
ನನ್ನಿಂದಲೇ ಎದ್ದು ಬಂದ ವಾಸನೆಗೆ
ನನ್ನಲ್ಲಿ ಹೆಸರಿರಲಿಲ್ಲ.

ಇಲ್ಲವೆಂದೂ ಅಲ್ಲ.
ಬಿಳಿಸೆರಗು ಅನ್ನುತ್ತಿದ್ದರು ದೊಡ್ಡಮ್ಮ,
ಮದುವೆ ಸೀರೆಯ ಮಾತೇನೋ ಎಂಬಷ್ಟು ಚಂದವಾಗಿ.
ಫೋನಿನಲ್ಲಿ ಹೇಳಿದರೆ,
"ಹೀಟಾಗಿದೆ ನಿನಗೆ. ಮೆಂತ್ಯ ನೆನೆಸಿ ಕುಡಿ.
ಎಳನೀರು ಸಿಗುವುದಿಲ್ಲವಾ ಅಲ್ಲಿ?"
ಸಿಗುತ್ತದೆ ದೊಡ್ಡಮ್ಮ, ಪ್ಲಾಸ್ಟಿಕ್ ಸುತ್ತಿಕೊಂಡು, ಹತ್ತು ದಿರಮಿಗೊಂದು.
ಹೀಟಿನ ವಿಷಯ ಏನು ಹೇಳಲಿ,
ಹೊರಗೆ ನಲವತ್ತಾರು ಡಿಗ್ರಿ.

ಬೆಳಗಿನ ನಾಲ್ಕೂವರೆಗೆ ಹತ್ತಿದ ಪಾಲಿಯೆಸ್ಟರ್ ಪ್ಯಾಂಟು.
ಮೂವತ್ತೊಂದು ಮಕ್ಕಳು, ಮೂವತ್ತೊಂದು ಬೆಲ್ಟು.
ದಾರಿಯಲ್ಲಿ ಹೋಗಲು ಜಾಗವಿಲ್ಲವೆಂದು ನೀರೇ ಕುಡಿಯುವುದಿಲ್ಲ.
ಡ್ರೈವರನ ಹಿಂದಿನ ಸೀಟು ಬಿಟ್ಟು
ಕೊನೆಯ ಸಾಲಿಗೆ ಹೋಗಿ ಕೂತೆ.
ಅಲ್ಲೊಂದು ಮಗು ಕೇಳಿತು:
"ಆಂಟಿ, ನಿಮ್ಮ ಟಿಫಿನ್‌ನಲ್ಲಿ ಮೀನಿದೆಯಾ?"
ಇದೆ ಅಂದೆ.

ಅಂದಿನಿಂದ ಡೆಟಾಲ್.
ಒಂದು ಮಗ್ಗು ನೀರಿಗೆ ಒಂದು ಮುಚ್ಚಳ. ಆಮೇಲೆ ಎರಡು.
ಗುಲಾಬಿ ಪರಿಮಳದ ಸೋಪು ಬೇರೆ.
ಉರಿಯಿತು. ಉರಿದರೆ ಶುದ್ಧವಾಗುತ್ತಿದೆ ಅಂದುಕೊಂಡೆ.
ಎಷ್ಟು ದಿನಕ್ಕೆ ಬರುತ್ತದೆಂದು ತಿಳಿಯಲು
ಬಾಟಲಿಗೆ ಕಾಡಿಗೆಯಿಂದ ಗೆರೆ ಎಳೆದಿಟ್ಟೆ.

ಮನಿ ಎಕ್ಸ್‌ಚೇಂಜಿನ ಮೇಲಿನ ಕ್ಲಿನಿಕ್ಕು.
ಕೌಂಟರಿನ ಹುಡುಗ ಎಲ್ಲರಿಗೂ ಕೇಳುವಂತೆ, ಏನು ತೊಂದರೆ?
ಹೊಟ್ಟೆನೋವು.
ಮದುವೆ ಆಗಿದೆಯಾ?
ಅದೂ ಹೊಟ್ಟೆನೋವಿಗೆ ಬೇಕಾ ಎಂದು ಕೇಳಲಿಲ್ಲ.

ಒಳಗೆ ಸುಡಾನಿನ ಡಾಕ್ಟರ್ ಇಹ್ಸಾನ್,
ಬೆರಳ ತುದಿಗೆ ಕಪ್ಪು ಮದರಂಗಿ, ಮುರುಕು ಹಿಂದಿ.
ಬಣ್ಣ ಹೇಗೆ? ತೆಳುವೋ ಗಟ್ಟಿಯೋ? ತುರಿಕೆ?
ವಾಸನೆ ಅಂದಾಗ ನನ್ನ ಕಣ್ಣು ತುಂಬಿತು.
ಅವರು ಪ್ರಶ್ನೆ ನಿಲ್ಲಿಸಿ ಕೈ ತೊಳೆದುಕೊಂಡರು, ನಿಧಾನವಾಗಿ,
ನನಗೆ ಸಮಯ ಕೊಡಲಿಕ್ಕೆಂದೇ.
ತಣ್ಣನೆಯ ಲೋಹ, ಹತ್ತಿಕಡ್ಡಿ,
ಅರಿಶಿನ ಬಣ್ಣದ ಕಾಗದದ ಚೂರು ಹಸಿರಾಯಿತು.

"ಮೊಸರಿಗೆ ಹೆಪ್ಪು ಹಾಕುತ್ತೀಯಲ್ಲ?
ಒಳಗೂ ಅಂಥದೊಂದು ಹುಳಿ ಇರುತ್ತದೆ, ಕಾವಲಿಗೆ.
ನೀನು ತೊಳೆದೂ ತೊಳೆದೂ ಕಾವಲು ತೆಗೆದುಬಿಟ್ಟೆ.
ಹಾಗಂತ ಮೊಸರು ಹಚ್ಚಿಕೊಳ್ಳಬೇಡ ಮತ್ತೆ!"
ನಕ್ಕರು. ನಾನೂ, ಕಾಲು ಮಡಚಿಕೊಂಡೇ.
"ಕೊಳಕಿನಿಂದ ಬಂದದ್ದಲ್ಲ ಇದು.
ಏಳು ದಿನ, ಎರಡು ಹೊತ್ತು ಮಾತ್ರೆ.
ವಾಸನೆ ಹೋಯಿತೆಂದು ನಡುವೆ ಬಿಡಬೇಡ.
ಹೊರಗೆ ಬರೀ ನೀರು, ಒಳಗೆ ಏನೂ ಬೇಡ. ಹತ್ತಿ ಚಡ್ಡಿ.
ಒಡೆದ ಹಾಲಿನಂತೆ ಬಂದು ವಿಪರೀತ ತುರಿಸಿದರೆ
ಅದು ಬೇರೆಯದಿರಬಹುದು, ಅದಕ್ಕೆ ಬೇರೆ ಮದ್ದು.
ಗೆಳತಿಯ ಚೀಟಿ ತೋರಿಸಿ ಔಷಧಿ ಕೊಳ್ಳಬೇಡ, ಬಾ."

ಏಳು ದಿನ ನಾಲಿಗೆಯಲ್ಲಿ ನಾಣ್ಯದ ರುಚಿ.
ಟವೆಲ್ಲಿನ ಅಡಿಗೆ ಒಣಗುತ್ತಿದ್ದ ಚಡ್ಡಿಗಳನ್ನು
ಟೆರೇಸಿನ ಬಿಸಿಲಿಗೆ ಹಾಕಿದೆ, ಕ್ಲಿಪ್ಪು ಸಿಕ್ಕಿಸಿ,
ವಾಚ್‌ಮನ್ ನೋಡಿದರೆ ನೋಡಲಿ ಎಂದು.

ಒಂಬತ್ತನೇ ದಿನ ಬಚ್ಚಲಿನಲ್ಲಿ
ಡೆಟಾಲು ಗೆರೆಗಿಂತ ಎರಡು ಬೆರಳು ಕೆಳಗಿತ್ತು.
ನಾನು ಮುಟ್ಟಿರಲಿಲ್ಲ.
ಕೋಣೆಯಲ್ಲಿ ನಾವು ಮೂವರೇ: ಸಲೂನಿನ ಫ್ಲೇವಿಯಾ,
ವಿಲ್ಲಾಗಳ ನೆಲ ಒರೆಸುವ ಹುಲಿಗೆಮ್ಮ, ನಾನು.

ರಾತ್ರಿ ದೀಪ ಆರುವುದನ್ನೇ ಕಾದು
ಏಸಿಯ ಸದ್ದಿಗೆ ಮುಖ ಮಾಡಿ ಹೇಳಿದೆ:
"ನನಗೊಂದು ಕಾಯಿಲೆ ಬಂದಿತ್ತು."
ಎಲ್ಲಿ ಎಂದು ಯಾರೂ ಕೇಳಲಿಲ್ಲ.
"ಯೋನಿಯಲ್ಲಿ" ಅಂದೆ. ಪುಸ್ತಕದ ಮಾತು,
ಬಾಯಿಗೆ ಹೊಸ ಹಲ್ಲು ಕಟ್ಟಿಸಿದಂತಿತ್ತು.

ಕೆಳಗಿನ ಮಂಚ ಕಿರುಗುಟ್ಟಿತು.
"ಯವ್ವಾ, ನಿನಗೂ ಏನು?"
ಹುಲಿಗೆಮ್ಮ ಎದ್ದು ಕೂತದ್ದು ಕತ್ತಲಲ್ಲೂ ತಿಳಿಯಿತು.
ಬಹಳ ಹೊತ್ತಿನ ಮೇಲೆ,
ನಿದ್ದೆ ಹೋಗಿದ್ದಾಳೆ ಅಂದುಕೊಂಡಿದ್ದ ಫ್ಲೇವಿಯಾ:
"ಆ ಕ್ಲಿನಿಕ್ಕು ಶುಕ್ರವಾರ ತೆರೆದಿರುತ್ತದಾ?"